ಎಡಗೈ ಮಡಿಕೆ

ಮಾರ್ಚ್ 29

ಅಕ್ಕಾ,

ನಿನ್ನ ಫೋನು ನೆಲ ಒರೆಸುವ ಬಕೆಟ್ಟಿಗೆ ಬಿದ್ದು ಸತ್ತಿತೆಂದು ನಿಮ್ಮಲ್ಲಿಗೆ ಔಷಧಿ ತರುವ ವ್ಯಾನಿನ ಡ್ರೈವರ್ ಹೇಳಿದ. ರಿಪೇರಿ ಅಂಗಡಿಗಳಿಗೆಲ್ಲ ಬೀಗ. ಹಾಗಾಗಿ ಬಿಲ್ಲು ಬಿಟ್ಟು ಬೇರೇನೂ ಬರೆಯದ ಕೈಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಮೊದಲು ಎಲ್ಲರೂ ಕ್ಷೇಮ ಎಂದು ಹಾಕಬೇಕಲ್ಲವೇ. ನಾನು ಕ್ಷೇಮ, ನಿನ್ನ ಗಂಡ ಕ್ಷೇಮ. ಕ್ಷೇಮವಾಗಿಲ್ಲದಿರುವುದು ನನ್ನ ಲಾಂಡ್ರಿ ಒಂದೇ.

ಮನೆಯಲ್ಲೇ ಕೂತವರು ಯಾರಿಗಾಗಿ ಇಸ್ತ್ರಿ ಮಾಡಿಸುತ್ತಾರೆ ಹೇಳು. ಜನ ಪೈಜಾಮದಲ್ಲೇ ಬದುಕಬಹುದೆಂದು ಕಂಡುಕೊಂಡಿದ್ದಾರೆ. ಇದು ಅವರಿಗೆ ಮೊದಲೇ ಹೊಳೆದಿದ್ದರೆ ನಾನು ಅಂಗಡಿಯನ್ನೇ ಹಾಕುತ್ತಿರಲಿಲ್ಲ. ಒಗೆಯುವ ಇಬ್ಬರನ್ನು ಅರ್ಧ ಸಂಬಳ ಕೊಟ್ಟು ಮನೆಗೆ ಕಳಿಸಿದೆ. ಇನ್ನರ್ಧ ಯಾವಾಗ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಬಯ್ದು ಹಗುರಾಗುತ್ತಿದ್ದೆ.

ಒಗೆದು, ಮಡಚಿ, ಚೀಟಿ ಸಿಕ್ಕಿಸಿದ ಬಟ್ಟೆಗಳು ಕಪಾಟಿನಲ್ಲಿ ಹಾಗೇ ಕೂತಿವೆ. ಚಿತ್ರಮಂದಿರದಲ್ಲಿ ಟಿಕೆಟ್ ಹರಿಯುವ ಗೇಟಿನವರ ಮೂರು ಬಿಳಿ ಅಂಗಿಗಳೂ ಇವೆ. ಚಿತ್ರಮಂದಿರವೇ ಮುಚ್ಚಿದ ಮೇಲೆ ಅವರಿಗೇಕೆ ಬಿಳಿ ಅಂಗಿ. ಪಕ್ಕದ ಬೇಕರಿಯವನು, 'ಎಲ್ಲಾ ಮಾರಿಬಿಡಿ ಯಜಮಾನ್ರೇ, ಯಾರು ಕೇಳ್ತಾರೆ' ಅಂದ. ಚೀಟಿ ಇಲ್ಲದೆ ನಮ್ಮಪ್ಪ ಬಂದು ಕೇಳಿದರೂ ಬಟ್ಟೆ ಕೊಡದವನು ನಾನು. ಅವನಿಗೆ ಇದೆಲ್ಲಿ ಅರ್ಥವಾಗಬೇಕು.

ಭಾವ ಈ ಕಟ್ಟಿನಲ್ಲಿ ತಾವೇ ಇಸ್ತ್ರಿ ಮಾಡಿದ ನಿನ್ನ ತುಂಬುತೋಳಿನ ಏಪ್ರನ್‌ಗಳನ್ನು ಕಳಿಸಿದ್ದಾರೆ. 'ಏನಾದರೂ ಬರೀಲಾ' ಅಂತ ಕೇಳಿದೆ. 'ಅದರಲ್ಲೇ ಇದೆ' ಅಂದರು. ಬಿಚ್ಚಿ ನೋಡಿದೆ, ಏಪ್ರನ್ ಬಿಟ್ಟರೆ ಏನೂ ಇರಲಿಲ್ಲ.

ನಿನ್ನ ತಮ್ಮ

ಏಪ್ರಿಲ್ 12

ತಮ್ಮಾ,

ಪತ್ರ ಸಿಕ್ಕಿತು. ಎರಡು ದಿನ ವರಾಂಡದಲ್ಲಿ ಬಿಸಿಲಿಗೆ ಇಟ್ಟು ಕೊಟ್ಟರು. ಈಗ ನಮ್ಮ ವೃದ್ಧಾಶ್ರಮಕ್ಕೆ ಬರುವುದೆಲ್ಲವೂ ಹಪ್ಪಳದ ಹಾಗೆ ಒಣಗಿಯೇ ಒಳಗೆ ಬರಬೇಕು.

ಗೇಟು ಹಾಕುವ ಮೊದಲು ಮೇಲ್ವಿಚಾರಕಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಹೋಗುವವರು ಈಗಲೇ ಹೋಗಿ, ಇರುವವರಿಗೆ ಒಂದೂವರೆ ಸಂಬಳ, ಆದರೆ ರೋಗ ಇಳಿಯುವವರೆಗೆ ಹೊರಗೆ ಕಾಲಿಡುವಂತಿಲ್ಲ ಅಂದರು. ನಾನು ಉಳಿದೆ. ನಿನ್ನ ಅಂಗಡಿ ನಡೆಯುವುದಿಲ್ಲ ಎಂದು ಗೊತ್ತಿತ್ತು. ನಿನ್ನ ಭಾವನಿಗೆ ಕೆಲಸವಿಲ್ಲದೆ ಸಂಬಳ ತೆಗೆದುಕೊಂಡು ಅಭ್ಯಾಸವಿಲ್ಲ, ನಿನಗೆ ಕೆಲಸವಿಲ್ಲದೆ ಸಂಬಳ ಕೊಟ್ಟು ಅಭ್ಯಾಸವಿಲ್ಲ. ಇಬ್ಬರ ಮಧ್ಯೆ ನನ್ನ ಸಂಬಳವಾದರೂ ಇರಲಿ.

ಅಜ್ಜ ಅಜ್ಜಿಯರಿಗೆ ಮಕ್ಕಳು ಕಿಟಕಿಯ ಆಚೆ ನಿಂತು ಕೈ ಬೀಸುತ್ತಾರೆ. ಒಬ್ಬ ಅಜ್ಜಿಗೆ ಮಗ ಯಾರು, ತೋಟದ ಮಾಲಿ ಯಾರು ಎಂದು ಗೊತ್ತಾಗುವುದಿಲ್ಲ. ಇಬ್ಬರಿಗೂ ಆಶೀರ್ವಾದ ಮಾಡುತ್ತಾರೆ. ಇಲ್ಲಿ ರೋಗ ಇಲ್ಲ. ಚಿಂತೆ ಬೇಡ. ನನ್ನ ಏಪ್ರನ್‌ಗಳನ್ನು ಕುದಿಸಿಯೇ ಕಳಿಸುತ್ತೇನೆಂದು ನಿನ್ನ ಭಾವನಿಗೆ ಹೇಳು.

ಅವರು 'ಅದರಲ್ಲೇ ಇದೆ' ಅಂದದ್ದು ಸರಿ. ನೀನು ಅಂಗಡಿಯ ಯಜಮಾನ, ನಿನಗೆ ಬಟ್ಟೆ ಕಾಣುತ್ತದೆ, ಮಡಿಕೆ ಕಾಣುವುದಿಲ್ಲ. ನೀವೆಲ್ಲ ಬಲತೋಳನ್ನು ಮೇಲೆ ತಂದು ಮಡಚುತ್ತೀರಿ. ಅವರು ಎಡಚರು, ಎಡತೋಳನ್ನು ಮೇಲೆ ತರುತ್ತಾರೆ. ಹುಷಾರಿದ್ದ ದಿನ ಗೆರೆ ದಾರ ಹಿಡಿದ ಹಾಗೆ ಇರುತ್ತದೆ. ಸೊಂಟ ಹಿಡಿದ ದಿನ ಅಂಚಿನಲ್ಲಿ ಸ್ವಲ್ಪ ಜಾರುತ್ತದೆ. ಫೋನಿನಲ್ಲಿ ಅವರ 'ಹೂಂ' ಕೇಳುವುದಕ್ಕಿಂತ ಇದನ್ನು ನೋಡಿದರೆ ನನಗೆ ಹೆಚ್ಚು ತಿಳಿಯುತ್ತದೆ.

ಅಕ್ಕ

ಏಪ್ರಿಲ್ 26

ಅಕ್ಕಾ,

ಶುಭ ಸುದ್ದಿಯೊಂದಿದೆ. ಈ ಕಾಲದಲ್ಲಿ ಯಾವುದನ್ನು ಶುಭ ಅನ್ನುತ್ತೇವೆ ನೋಡು. ಇಲ್ಲಿನ ದೊಡ್ಡ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸ ನನಗೆ ಸಿಕ್ಕಿದೆ. ಮೊದಲಿದ್ದ ಲಾಂಡ್ರಿಯವನು ಹೆದರಿ ಬಿಟ್ಟ. ಅವನ ಹೆದರಿಕೆ ನನಗೆ ವ್ಯಾಪಾರ. ಒಗೆಯುವವರಿಬ್ಬರಿಗೂ ಬಾಕಿ ಸಂಬಳ ಕೊಟ್ಟೆ. ಕೆಲಸಕ್ಕೆ ಮಾತ್ರ ಅವರು ಬರಲಿಲ್ಲ. 'ಮನೆಯಲ್ಲಿ ಮಕ್ಕಳಿದ್ದಾರೆ ಯಜಮಾನ್ರೇ' ಅಂದರು. ಇಷ್ಟು ವರ್ಷ ಆ ಮಕ್ಕಳು ಎಲ್ಲಿದ್ದರೋ.

ನೀನು ಕೇಳುವ ಮೊದಲೇ ಹೇಳುತ್ತೇನೆ. ಆಸ್ಪತ್ರೆಯ ಮೂಟೆ ಬಿಚ್ಚುವುದು, ಯಂತ್ರಕ್ಕೆ ಹಾಕುವುದು ಎಲ್ಲ ನಾನೇ. ಭಾವ ಒಳಕೋಣೆಯಲ್ಲಿ ಒಗೆದು ಒಣಗಿದ್ದಕ್ಕೆ ಇಸ್ತ್ರಿ ಮಾಡುತ್ತಾರೆ, ಅಷ್ಟೇ. ಪ್ರತಿ ಹಾಸಿಗೆ ಬಟ್ಟೆಯ ಮೂಲೆಗೂ ನಮ್ಮ ಲಾಂಡ್ರಿಯ ನೀಲಿ ದಾರದ ಗುರುತು ಹಾಕಿದ್ದೇವೆ. ಊರಿನ ಅರ್ಧ ರೋಗಿಗಳು ನಮ್ಮ ಗುರುತಿನ ಮೇಲೆ ಮಲಗಿದ್ದಾರೆ. ಇಂಥ ಜಾಹೀರಾತು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಮೊನ್ನೆ ಭಾವನಿಗೂ ನನಗೂ ಸಣ್ಣ ಜಗಳವಾಯಿತು. ಗೇಟಿನವರ ಅಂಗಿಗಳ ಮೇಲೆ ಧೂಳು ಕೂತಿತ್ತು. ಬಿಚ್ಚಿ ಮತ್ತೆ ಒಗೆದು ಇಸ್ತ್ರಿ ಮಾಡಿ ಇಟ್ಟರು. 'ಗಿರಾಕಿ ಬರೋದೇ ಗೊತ್ತಿಲ್ಲ, ಕರೆಂಟು ಯಾರಪ್ಪಂದು' ಅಂದೆ. 'ಬಂದಾಗ ಮುದುರಿರಬಾರದು' ಅಂದರು. ಅಂಗಡಿಯಲ್ಲಿ ನಾನು ಯಜಮಾನ, ಊಟಕ್ಕೆ ಕೂತರೆ ಅವರು ಭಾವ. ಆಗ ಊಟದ ಹೊತ್ತಾಗಿತ್ತು, ಸುಮ್ಮನಾದೆ.

ತಮ್ಮ

ಮೇ 10

ತಮ್ಮಾ,

ಕಳೆದ ವಾರ ಏಪ್ರನ್ ಕಳಿಸಲಿಲ್ಲ. ವ್ಯಾನಿನಲ್ಲಿ ಜಾಗ ಇರಲಿಲ್ಲ. ಸ್ವಲ್ಪ ನೆಗಡಿ ಇತ್ತು, ಹೋಯಿತು. ಈ ಸಲ ಹಿಂದಿನವೂ ಸೇರಿ ಕಳಿಸಿದ್ದೇನೆ. ಅವರು ಬರಿಗೈಯಲ್ಲಿ ಮುಟ್ಟುವುದು ಬೇಡ, ಇನ್ನೊಂದು ಸಲ ಕುದಿಸಲಿ. ಇದನ್ನು ಮರೆಯದೆ ಹೇಳು.

ಅಕ್ಕ

ಮೇ 24

ಅಕ್ಕಾ,

ಎಲ್ಲರೂ ಕ್ಷೇಮ. ಭಾವ ಚೆನ್ನಾಗಿದ್ದಾರೆ. ನಿನ್ನ ಏಪ್ರನ್‌ಗಳು ಇದರ ಜೊತೆ ಇವೆ. ಇಲ್ಲಿ ಬಿಸಿಲು ಜಾಸ್ತಿ, ಬಟ್ಟೆ ಬೇಗ ಒಣಗುತ್ತದೆ. ಬೇಕರಿಯವನು ಒಲೆ ಆರಿಸಿ ತರಕಾರಿ ಮಾರುತ್ತಿದ್ದಾನೆ, ಬದನೆಕಾಯಿಯನ್ನೂ ಕೇಕಿನ ಹಾಗೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ಜನ ನೋಡಿ ನಗುತ್ತಾರೆ. ನಾನೂ ನಕ್ಕೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ರೋಗ ಇಳಿಯುವವರೆಗೆ ಅಲ್ಲೇ ಇರು, ಹೊರಗೆ ಬರುವ ಯೋಚನೆ ಮಾಡಬೇಡ. ದಾರಿಯಲ್ಲಿ ತಡೆಯುತ್ತಾರಂತೆ. ಬಂದರೆ ಮತ್ತೆ ಒಳಗೆ ಸೇರಿಸುವುದಿಲ್ಲವಂತೆ. ಎಲ್ಲರೂ ಕ್ಷೇಮ.

ತಮ್ಮ

ಮೇ 31

ತಮ್ಮಾ,

ಬಲತೋಳು ಮೇಲೆ ಬಂದಿದೆ. ಮೂರರಲ್ಲೂ. ಅವರ ಕೈಗೆ ಏನಾಯಿತು?

ಅಕ್ಕ

ಜೂನ್ 7

ಅಕ್ಕಾ,

ನಿನ್ನ ಕಣ್ಣಿಗೆ ಏನು ಹೇಳಲಿ. ಪೊಲೀಸಿನವರು ಕರೆದು ಕೆಲಸ ಕೊಡಬೇಕು. ಏನೂ ಆಗಿಲ್ಲ. ಇಸ್ತ್ರಿ ಪೆಟ್ಟಿಗೆ ತಾಗಿ ಎಡಗೈ ಮೇಲೆ ಬೊಬ್ಬೆ ಎದ್ದಿತ್ತು. ನಾನು, 'ಎರಡು ದಿನ ಕೂತ್ಕೊಳ್ಳಿ ಭಾವ, ನಾನು ಮಾಡ್ತೀನಿ' ಅಂದೆ. ನಾನು ಇಸ್ತ್ರಿ ಪೆಟ್ಟಿಗೆ ಹಿಡಿದು ಎಷ್ಟು ಕಾಲವಾಯಿತು. ಅಂಗಡಿ ಹಾಕಿದ ಹೊಸದರಲ್ಲಿ ನಾನೇ ಎಲ್ಲ. ಆಮೇಲೆ ಗಲ್ಲಾದ ಮುಂದೆ ಕೂತು ಸೊಂಟ ಅಗಲವಾದದ್ದೇ ಲಾಭ. ನಿನಗೆ ಹೇಳಿದರೆ ಗಾಬರಿಯಾಗುತ್ತೀಯ ಎಂದು ಬರೆಯಲಿಲ್ಲ.

ಈಗ ವಾಸಿಯಾಗಿದೆ. ಈ ಸಲದ್ದು ಅವರದೇ ಕೈ. ಬಿಚ್ಚಿ ನೋಡು.

ತಮ್ಮ

ಜೂನ್ 28

ತಮ್ಮಾ,

ಹೋದ ವಾರಗಳಲ್ಲಿ ವ್ಯಾನು ಬಂದಿತ್ತು. ನಾನೇ ಬರೆಯಲಿಲ್ಲ.

ಎಡತೋಳು ಮೇಲಿತ್ತು. ಗೆರೆ ನೆಟ್ಟಗಿತ್ತು. ಒಂದು ಗಳಿಗೆ ನಂಬಿದೆ. ಏಪ್ರನ್ ಎದೆಗೆ ಹಿಡಿದುಕೊಂಡು ಕೂತೆ, ಆ ಮರೆವಿನ ಅಜ್ಜಿ ನನ್ನನ್ನು ನೋಡಿ, 'ಮಗು ಎಷ್ಟು ತಿಂಗಳದ್ದು' ಅಂತ ಕೇಳಿದರು.

ಆಮೇಲೆ ಹಾಕಿಕೊಳ್ಳಲು ಬಿಚ್ಚಿದೆ. ಹಿಂದೆ ಕಟ್ಟುವ ಲಾಡಿಗಳಿಗೂ ಇಸ್ತ್ರಿಯಾಗಿತ್ತು. ತುದಿಯವರೆಗೂ, ರಿಬ್ಬನ್ನಿನ ಹಾಗೆ.

ಅವರು ಲಾಡಿಗೆ ಇಸ್ತ್ರಿ ಮಾಡುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಮಾಡುತ್ತಿದ್ದೆ. 'ಗಂಟು ಹಾಕೋದಕ್ಕೆ ಯಾರಾದರೂ ಇಸ್ತ್ರಿ ಮಾಡ್ತಾರಾ, ಗಂಟು ಬಿಗಿಯಾಗಲ್ಲ, ಜಾರುತ್ತೆ' ಅಂತ ಪೆಟ್ಟಿಗೆ ಕಿತ್ತುಕೊಂಡಿದ್ದರು. ನೀನು ಎಷ್ಟು ಸಲ ಬಿಚ್ಚಿ ಮಡಚಿ ಅಭ್ಯಾಸ ಮಾಡಿದ್ದೀಯೋ, ಎಷ್ಟು ಜೋಪಾನ ಮಾಡಿದ್ದೀಯೋ. ಅವರು ಇಷ್ಟು ಜೋಪಾನ ಮಾಡುತ್ತಿರಲಿಲ್ಲ. ಅವರಿಗೆ ಕೆಲಸ ಗೊತ್ತಿತ್ತು.

ಯಾವಾಗ ಹೋದರು?

ನಾನೂ ಒಂದು ಹೇಳಬೇಕು. ಇಲ್ಲಿ ರೋಗ ಇಲ್ಲ ಎಂದು ಬರೆದೆನಲ್ಲ, ಆ ದಿನವೇ ಇಬ್ಬರು ಅಜ್ಜಂದಿರು ಕೆಮ್ಮುತ್ತಿದ್ದರು. ಬರೆದರೆ ನೀನು ವ್ಯಾನಿಗೆ ಬಟ್ಟೆ ಕೊಡುವುದನ್ನೇ ನಿಲ್ಲಿಸುತ್ತೀಯ ಎಂದು ಹೆದರಿದೆ. ನಿಂತರೆ ಅವರ ಮಡಿಕೆ ಬರುವುದಿಲ್ಲ. ಈಗ ಆ ಅಜ್ಜಂದಿರ ಸಾಲಿನ ಮಂಚಗಳೆಲ್ಲ ಖಾಲಿ. ಮೇ ತಿಂಗಳಲ್ಲಿ ನನಗೆ ಬಂದದ್ದೂ ನೆಗಡಿಯಲ್ಲ. ಎದ್ದು ನಿಂತರೆ ಗೋಡೆ ತಿರುಗುತ್ತಿತ್ತು. ಆ ವಾರ ಏಪ್ರನ್ ಕುದಿಸಲು ನನಗೆ ಆಗಲಿಲ್ಲ. ತಣ್ಣೀರಿನಲ್ಲಿ ಅದ್ದಿ ಕಟ್ಟಿ ಕಳಿಸಿದೆ.

ಅದನ್ನು ಯಾರು ಬಿಚ್ಚಿದರು, ತಮ್ಮಾ?

ಅಕ್ಕ

ಜುಲೈ 5

ಅಕ್ಕಾ,

ಈ ಸಲ ಕ್ಷೇಮ ಎಂದು ಹಾಕಿಲ್ಲ.

ಮೇ ಇಪ್ಪತ್ತೊಂದು, ಬೆಳಿಗ್ಗೆ, ಆ ದೊಡ್ಡ ಆಸ್ಪತ್ರೆಯಲ್ಲೇ. ನಾನು ಎಲ್ಲರೂ ಕ್ಷೇಮ ಎಂದು ಎರಡು ಸಲ ಬರೆದ ಪತ್ರಕ್ಕೆ ಮೂರು ದಿನ ಮೊದಲು. ಬದನೆಕಾಯಿಯ ಸಂಗತಿ ನಿಜ. ನಕ್ಕಿದ್ದು ಸುಳ್ಳು.

ಹೇಳಿದರೆ ಏನು ಬರುತ್ತದೆ, ಏನು ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಮುಖ ನೋಡಲು ನಿನ್ನನ್ನು ಬಿಡುತ್ತಿರಲಿಲ್ಲ, ನನ್ನನ್ನೇ ಬಿಡಲಿಲ್ಲ. ಮಣ್ಣು ಮಾಡಿದ್ದೂ ನಗರಸಭೆಯವರೇ. ನೀನು ಗೇಟು ದಾಟಿದ್ದರೆ ಕೆಲಸ ಹೋಗುತ್ತಿತ್ತು, ಇಲ್ಲಿ ಬಂದು ಖಾಲಿ ಕುರ್ಚಿ ನೋಡಬೇಕಿತ್ತು. ಜೀವನಪೂರ್ತಿ ಹೀಗೆ ಲೆಕ್ಕ ಹಾಕಿಯೇ ಅಂಗಡಿ ಉಳಿಸಿಕೊಂಡವನು ನಾನು. ಲೆಕ್ಕ ಸರಿಯಾಗಿಯೇ ಇತ್ತು. ಮಾಡಿದ ಕೆಲಸ ಮಾತ್ರ ಸರಿಯಿರಲಿಲ್ಲ.

ಇನ್ನೊಂದು ಸುಳ್ಳಿದೆ. ಆಸ್ಪತ್ರೆಯ ಮೂಟೆ ಬಿಚ್ಚುತ್ತಿದ್ದದ್ದು ನಾನಲ್ಲ, ಅವರು. ಮೊದಲ ಮೂಟೆ ಬಂದ ದಿನ ನನ್ನನ್ನು ಬಾಗಿಲಲ್ಲೇ ತಡೆದರು. 'ನಿನಗೆ ಸಕ್ಕರೆ ಕಾಯಿಲೆ, ನೀನು ಗಲ್ಲಾದ ಹತ್ರ ಇರು' ಅಂದರು. 'ಯಜಮಾನ ನಾನು' ಅಂದೆ. 'ಭಾವ ನಾನು' ಅಂದರು. ಊಟದ ಹೊತ್ತೂ ಆಗಿರಲಿಲ್ಲ. ಇನ್ನೊಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅವರು ಒಳಗೆ ಹೋದರು. ನನಗೆ ಹಾಯೆನಿಸಿತು, ಅಕ್ಕಾ. ಇದನ್ನು ಬರೆಯಲೇಬೇಕು.

ಹಾಗಾಗಿ ನಿನ್ನ ಕಟ್ಟನ್ನು ಬಿಚ್ಚಿದವರೂ ಅವರೇ. ಇನ್ನೊಂದು ಸಲ ಕುದಿಸಬೇಕೆಂದು ನೀನು ಬರೆದದ್ದನ್ನು ಹೇಳಿದ್ದೆ, ಕುದಿಸಿದರು. ಮೂಟೆಯಿಂದ ಬಂತೋ ಕಟ್ಟಿನಿಂದ ಬಂತೋ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರನ್ನು ಕೇಳಿದೆ. 'ಈಗ ತಿಳಿದು ಏನು ಮಾಡ್ತೀರಿ' ಅಂದರು. ನನ್ನ ತಲೆಯ ಮೇಲೆ ಬರೆದುಕೋ. ಆಸ್ಪತ್ರೆಯಿಂದ ದಿನಾ ಬರುತ್ತಿದ್ದ ಮೂಟೆಗಳ ಎದುರಿಗೆ ನಿನ್ನ ಮೂರು ಏಪ್ರನ್ ಏನು.

ನಗರಸಭೆಯ ವ್ಯಾನಿಗೆ ಎತ್ತುವಾಗ ಅವರಿಗೆ ಹೊದಿಸಿದ್ದು ನನಗೆ ದೂರದಿಂದ ಕಂಡಿತು. ಮೂಲೆಯಲ್ಲಿ ನೀಲಿ ದಾರ ಇತ್ತು.

ಈ ಕಟ್ಟಿನಲ್ಲಿ ಏಪ್ರನ್ ಜೊತೆ ಒಂದು ಬಿಳಿ ಅಂಗಿ ಇದೆ. ಗೇಟಿನವರ ಮೂರರಲ್ಲಿ ಒಂದು. ಭಾವ ಮತ್ತೆ ಇಸ್ತ್ರಿ ಮಾಡಿಟ್ಟರಲ್ಲ, ಅವು. ಅವರ ಕೈಯ ಮಡಿಕೆ ಈ ಅಂಗಡಿಯಲ್ಲಿ ಇನ್ನು ಉಳಿದಿರುವುದು ಅಷ್ಟೇ. ನೀನು ಇಟ್ಟುಕೋ. ಗಿರಾಕಿ ಬಂದರೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ.

ತಮ್ಮ

ಜುಲೈ 26

ತಮ್ಮಾ,

ಅಂಗಿ ಬಂತು. ಬಿಚ್ಚಿಲ್ಲ. ತಲೆದಿಂಬಿನ ಪಕ್ಕ ಇಟ್ಟಿದ್ದೇನೆ.

ನನ್ನ ತಲೆಯ ಮೇಲೆ ಬರೆದುಕೋ ಅಂದೆಯಲ್ಲ, ಅಷ್ಟು ಸುಲಭವಲ್ಲ ಅದು. ನಿನ್ನ ಮೇಲೆ ಸಿಟ್ಟು ಬಂದ ದಿನ ನಿನ್ನ ಮೇಲೆ ಹಾಕುತ್ತೇನೆ. ಉಳಿದ ದಿನ ನಾನೇ ಹೊರುತ್ತೇನೆ. ಇದಕ್ಕಿಂತ ಹೆಚ್ಚು ಈಗ ಬರೆಯಲಾರೆ.

ಮಂಚಗಳು ಖಾಲಿಯಾದವಲ್ಲ, ಒಂದೂವರೆ ಸಂಬಳ ನಿಲ್ಲಿಸಿದ್ದಾರೆ. ಗೇಟು ಮಾತ್ರ ತೆಗೆದಿಲ್ಲ.

ಅಕ್ಕ

ಅಕ್ಟೋಬರ್ 4

ಅಕ್ಕಾ,

ನೀನು ಬರೆಯದ ತಿಂಗಳುಗಳಲ್ಲಿ ಕಟ್ಟು ಮಾತ್ರ ಕಳಿಸುತ್ತಿದ್ದೆ. ಸಿಗುತ್ತಿದೆ ಎಂದು ಡ್ರೈವರ್ ಹೇಳುತ್ತಿದ್ದ. ಈಗ ಬರೆಯಲೇಬೇಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಚಿತ್ರಮಂದಿರ ತೆರೆಯುತ್ತದಂತೆ. ಗೇಟಿನವರು ನಿನ್ನೆ ಬಂದರು. ಅರ್ಧ ಆಳಾಗಿದ್ದಾರೆ. ಇಷ್ಟು ದಿನ ಮನೆಮನೆಗೆ ನೀರಿನ ಕ್ಯಾನು ಹೊತ್ತರಂತೆ. ಜೇಬಿನಿಂದ ಪ್ಲಾಸ್ಟಿಕ್ ತೆಗೆದರು, ಅದರೊಳಗೆ ಕಾಗದ, ಅದರೊಳಗೆ ನನ್ನ ಚೀಟಿ. ಜೀವಮಾನವೆಲ್ಲ ಬೇರೆಯವರ ಚೀಟಿ ಹರಿದ ಮನುಷ್ಯ, ತನ್ನದಕ್ಕೆ ಒಂದು ಗೀರೂ ಬೀಳದ ಹಾಗೆ ಇಟ್ಟುಕೊಂಡಿದ್ದಾರೆ.

ಎರಡು ಅಂಗಿ ಕೊಟ್ಟೆ. 'ಮೂರಲ್ವಾ' ಅಂದರು. ಒಂದು ಎಲ್ಲೋ ಸೇರಿಕೊಂಡಿದೆ, ದುಡ್ಡು ಕೊಡುತ್ತೇನೆ ಅಂದೆ. 'ದುಡ್ಡು ಬೇಡ ಯಜಮಾನ್ರೇ, ನಿಧಾನಕ್ಕೆ ಹುಡುಕಿ. ನಿಮ್ಮಲ್ಲಿ ಬಟ್ಟೆ ಕಳೆಯಲ್ಲ' ಅಂದರು. ಬಯ್ದಿದ್ದರೆ ಚೆನ್ನಾಗಿತ್ತು. ಅಂಗಿ ಕೇಳುತ್ತಿಲ್ಲ, ಅಕ್ಕಾ. ಸುಮ್ಮನೆ ತಿಳಿಸಿದೆ.

ತಮ್ಮ

ಅಕ್ಟೋಬರ್ 11

ತಮ್ಮಾ,

ಅಂಗಿ ಕಳಿಸಿದ್ದೇನೆ. ಮಡಿಕೆ ಹೇಗೆ ಬಂದಿತ್ತೋ ಹಾಗೇ ಇದೆ. ಮೇಲೆ ಭಾರ ಇಡಬೇಡ ಎಂದು ಡ್ರೈವರಿಗೆ ಹೇಳಿದ್ದೇನೆ.

ಬಂದಾಗ ಮುದುರಿರಬಾರದು ಎಂದು ಅವರು ಮಾಡಿಟ್ಟದ್ದು ಆ ಮನುಷ್ಯನಿಗೆ, ನನಗಲ್ಲ. ನಾನು ಇಟ್ಟುಕೊಂಡರೆ ಅವರು ಮಾಡಿದ್ದರಲ್ಲಿ ಉಳಿದಿದ್ದ ಕೊನೆಯ ಕೆಲಸ ಗಿರಾಕಿಗೆ ತಲುಪಲಿಲ್ಲ ಎಂದಾಗುತ್ತದೆ. ಹಾಗೆ ಆಗುವುದು ಅವರಿಗೆ ಹಿಡಿಸುವುದಿಲ್ಲ. ಗಿರಾಕಿಯ ಬಟ್ಟೆಯನ್ನು ತನ್ನ ಹೆಂಡತಿಗೆ ಕಳಿಸಿದೆಯಾ ಎಂದು ನಿನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಆ ನೋಟ ನಿನಗೆ ಗೊತ್ತಲ್ಲ.

ನೀನು ನನಗಾಗಿ ಎಡಗಡೆ ಮಡಚುವುದನ್ನೂ ಇನ್ನು ಬಿಡು. ಪ್ರತಿ ವಾರ ಒಂದು ಗಳಿಗೆ ಮೋಸ ಹೋಗುತ್ತೇನೆ.

ಅಕ್ಕ

ಅಕ್ಟೋಬರ್ 25

ಅಕ್ಕಾ,

ಅಂಗಿ ಬಂದ ದಿನವೇ ಗೇಟಿನವರಿಗೆ ಕೊಟ್ಟೆ. ಕೈಯಲ್ಲಿ ಹಿಡಿದು ನೋಡಿದರು. 'ಗೆರೆ ಹಾಗೇ ಇದೆಯಲ್ಲ' ಅಂದರು. ಆಮೇಲೆ ಒಳಕೋಣೆಯ ಕಡೆ ನೋಡಿ, 'ಎಡಚರು ಎಲ್ಲಿ' ಅಂತ ಕೇಳಿದರು. ಹೇಳಿದೆ. ಅಂಗಿಯನ್ನು ಮತ್ತೆ ಮೇಜಿನ ಮೇಲೆ ಇಟ್ಟರು. 'ಹಾಗಾದರೆ ಇದನ್ನ ಹಾಕ್ಕೊಳ್ಳೋದಾ ಬೇಡ್ವಾ' ಅಂದರು. ಹಾಕಿಕೊಳ್ಳಿ, ಮಾಡಿರುವುದು ಅದಕ್ಕೇ ಅಂದೆ. ನೀನು ಹೇಳಿಕೊಟ್ಟದ್ದನ್ನೇ ಹೇಳಿದೆ. ನನ್ನ ಮಾತಾಗಿದ್ದರೆ ಅಷ್ಟು ನೆಟ್ಟಗೆ ಬರುತ್ತಿರಲಿಲ್ಲ.

ನಿನ್ನೆ ಅಂಗಡಿ ಬೇಗ ಮುಚ್ಚಿ ಚಿತ್ರಮಂದಿರಕ್ಕೆ ಹೋದೆ. ನಾನು ಸಿನಿಮಾಕ್ಕೆ ದುಡ್ಡು ಹಾಕುವವನಲ್ಲ ಎಂದು ನಿನಗೆ ಗೊತ್ತು. ಟಿಕೆಟ್ ತೆಗೆದುಕೊಂಡೆ. ಸಾಲಿನಲ್ಲಿ ನನ್ನ ಮುಂದೆ ಇಬ್ಬರೇ. ಒಂದು ಸೀಟು ಬಿಟ್ಟು ಒಂದಕ್ಕೆ ಪಟ್ಟಿ ಅಂಟಿಸಿದ್ದಾರಂತೆ. ಆ ಜನಕ್ಕೆ ಅಂಟಿಸದಿದ್ದರೂ ನಡೆಯುತ್ತಿತ್ತು.

ಗೇಟಿನವರು ಆ ಅಂಗಿಯಲ್ಲೇ ಇದ್ದರು. ಮೈ ಇಳಿದಿರುವುದರಿಂದ ಭುಜದ ಹತ್ತಿರ ಸಡಿಲ. ನನ್ನ ಟಿಕೆಟ್ ಹರಿಯಲು ಕೈ ಎತ್ತಿದರು. ತೋಳಿನ ಗೆರೆ ಭುಜದಿಂದ ಮಣಿಕಟ್ಟಿನವರೆಗೆ ಒಂದೇ ಸಮನೆ ಇಳಿದಿತ್ತು. ಎಲ್ಲೂ ಜಾರಿರಲಿಲ್ಲ. ಆ ದಿನ ಅವರ ಸೊಂಟ ನೋಯುತ್ತಿರಲಿಲ್ಲ, ಅಕ್ಕಾ. ಈಗ ನನಗೂ ಅದು ಕಾಣುತ್ತದೆ.

'ಒಳಗೆ ಹೋಗಿ, ಶುರುವಾಯ್ತು' ಅಂದರು. ಅರ್ಧ ಟಿಕೆಟ್ ಜೇಬಿಗೆ ಹಾಕಿಕೊಂಡು ಅಲ್ಲಿಂದಲೇ ಮನೆಗೆ ಬಂದೆ.

ಈ ವಾರದ ಏಪ್ರನ್‌ಗಳು ಜೊತೆಯಲ್ಲಿವೆ. ನನ್ನ ಕೈಯವು. ಬಲತೋಳು ಮೇಲಿದೆ. ಲಾಡಿಗೆ ಇಸ್ತ್ರಿ ಮಾಡಿಲ್ಲ.

ತಮ್ಮ